ಕಿರುಬೆರಳಿನ ಬೀಗದ ಕೈ

ನಾನು ಒಂದು ಬೀಗದ ಕೈ. ಆದರೆ ಮೊದಲ ಸಲ ನೋಡಿದವರು ನನ್ನನ್ನು ಉಂಗುರವೆಂದೇ ತಿಳಿಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ನಾನು ಉಂಗುರವೂ ಹೌದು. ಬೆರಳಿಗೆ ತೊಡುವ ಒಂದು ಸುತ್ತು, ಆ ಸುತ್ತಿನ ನೆತ್ತಿಯ ಮೇಲೆ ಎದ್ದು ನಿಂತ ಚಿಕ್ಕದೊಂದು ನಾಲಗೆ, ನಾಲಗೆಯ ಅಂಚಿಗೆ ಮೂರು ಹಲ್ಲು. ಇಷ್ಟೇ ನನ್ನ ಮೈ. ಕಂಚಿನ ಮೈ, ಒಂದು ಒಣ ಅಡಿಕೆಯಷ್ಟು ತೂಕ. ವಯಸ್ಸು ಮಾತ್ರ ಕೇಳಿದವರು ನಂಬುವುದಿಲ್ಲ. ಎರಡು ಸಾವಿರ ವರ್ಷಕ್ಕೆ ಸ್ವಲ್ಪ ಕಡಿಮೆ.

ನಾನು ಹುಟ್ಟಿದ್ದು ರೋಮನ್ನರ ಕಾಲದಲ್ಲಿ, ಇಟಲಿಯ ಒಂದು ಕಡಲತಡಿಯ ಊರಿನಲ್ಲಿ. ಫೌಸ್ಟುಸ್ ಎಂಬ ಕಂಚುಗಾರ ನನ್ನನ್ನು ಮೊದಲು ಜೇನುಮೇಣದಲ್ಲಿ ಮಾಡಿದ. ಮೇಣದ ಮೇಲೆ ಮಣ್ಣು ಮೆತ್ತಿ ಬೆಂಕಿಗಿಟ್ಟ. ಮೇಣ ಕರಗಿ ಹರಿದುಹೋಯಿತು, ಅದು ಬಿಟ್ಟುಹೋದ ಜಾಗಕ್ಕೆ ಕಾದ ಕಂಚು ಬಂತು. ಆ ಕಂಚೇ ನಾನು. ನನಗಿಂತ ಹತ್ತು ದಿನ ಮೊದಲು ನನ್ನ ಬೀಗ ಹುಟ್ಟಿತ್ತು, ಮೊಣಕೈಯುದ್ದದ ಒಂದು ಮರದ ಪೆಟ್ಟಿಗೆಯ ಎದೆಯಲ್ಲಿ ಕೂತಿತ್ತು. ಫೌಸ್ಟುಸ್ ನನ್ನ ಹಲ್ಲುಗಳನ್ನು ಅರದಿಂದ ಉಜ್ಜುವುದು, ಬೀಗಕ್ಕೆ ಹಾಕಿ ನೋಡುವುದು, ಮತ್ತೆ ಉಜ್ಜುವುದು ಹೀಗೆ ಒಂದು ಇಡೀ ಮಧ್ಯಾಹ್ನ ಕಳೆದ. ಕೊನೆಗೊಮ್ಮೆ ನಾನು ಒಳಗೆ ಹೋಗಿ ತಿರುಗಿದೆ, 'ಟಿಕ್' ಎಂದಿತು. ಆ ಸದ್ದು ನನ್ನ ಮದುವೆಯ ಓಲಗ.

ಆ ಕಾಲದವರ ಬಟ್ಟೆಗೆ ಜೇಬು ಇರಲಿಲ್ಲ. ಹಾಗಾಗಿ ಚಿಕ್ಕ ಪೆಟ್ಟಿಗೆಗಳ ಬೀಗದ ಕೈಯನ್ನು ಹೆಂಗಸರು ಬೆರಳಿಗೇ ತೊಟ್ಟುಕೊಳ್ಳುತ್ತಿದ್ದರು. ನನ್ನನ್ನು ತೊಟ್ಟವಳ ಹೆಸರು ವಿಬಿಯಾ. ಹದಿನಾರರ ಹುಡುಗಿ, ಮರುದಿನ ಮದುವೆ. ಮನೆಯ ಮುದಿ ದಾಸಿಯ ಜೊತೆ ಪೆಟ್ಟಿಗೆ ಒಯ್ಯಲು ಬಂದಳು.

ಅವರಲ್ಲಿ ಒಂದು ಪದ್ಧತಿಯಿತ್ತು. ಮದುವೆಯ ಹಿಂದಿನ ದಿನ ಹುಡುಗಿ ತನ್ನ ಆಟದ ಗೊಂಬೆಯನ್ನು ದೇವಿಯ ಪಾದದಲ್ಲಿ ಇಟ್ಟು ಬರಬೇಕು. ಬಾಲ್ಯ ಮುಗಿಯಿತು ಎನ್ನುವುದಕ್ಕೆ ಅದು ಗುರುತು. ವಿಬಿಯಾ ಕೂಡ ಇಟ್ಟು ಬಂದಿದ್ದಳು. ಆದರೆ ಅವಳು ಇಟ್ಟದ್ದು ಅದಕ್ಕೆಂದೇ ಅವಸರದಲ್ಲಿ ಹೊಲಿದ ಬಟ್ಟೆಯ ಗೊಂಬೆ. ಅವಳ ನಿಜವಾದ ಗೊಂಬೆ, ಮೂಳೆಯಲ್ಲಿ ಕೆತ್ತಿದ್ದು, ಕೈಕಾಲು ಆಡಿಸಲು ಬರುವಂಥದ್ದು, ಅವಳ ಸೆರಗಿನೊಳಗೆ ಇತ್ತು.

"ದೇವಿಗೆ ಗೊತ್ತಾಗುವುದಿಲ್ಲವೇ, ತಾಯಿ?" ಎಂದು ದಾಸಿ ಹೆದರಿ ಕೇಳಿದಳು.

"ಗೊತ್ತಾಗಲಿ. ದೇವಿಯೂ ಒಂದು ಕಾಲದಲ್ಲಿ ಹುಡುಗಿಯಾಗಿದ್ದವಳೇ" ಎಂದು ವಿಬಿಯಾ ಗೊಂಬೆಯನ್ನು ಪೆಟ್ಟಿಗೆಯಲ್ಲಿ ಮಲಗಿಸಿ ನನ್ನನ್ನು ತಿರುಗಿಸಿದಳು.

ಗಂಡನ ಮನೆಯಲ್ಲಿ ಅವಳಿಗೆ ಎಲ್ಲ ಬೀಗದ ಕೈಗಳನ್ನೂ ಒಪ್ಪಿಸಿದರು. ಉಗ್ರಾಣದ್ದು, ಎಣ್ಣೆಯ ಕೋಣೆಯದ್ದು, ದ್ರಾಕ್ಷಾರಸದ ನೆಲಮಾಳಿಗೆಯದ್ದು. ಅವೆಲ್ಲ ಕಬ್ಬಿಣದ ದೊಡ್ಡ ದೊಡ್ಡ ಆಸಾಮಿಗಳು, ಅವಳ ನಡುವಿನಲ್ಲಿ ತೂಗಾಡುತ್ತ ತಾವೇ ಮನೆ ನಡೆಸುವವರಂತೆ ಸದ್ದು ಮಾಡುತ್ತಿದ್ದವು. ಅವು ಮನೆಯ ಕೈಗಳು. ನಾನು ಅವಳ ಕೈ. ಅವಳು ಹಗಲೆಲ್ಲ ಉಣ್ಣೆ ನೂಲುತ್ತಿದ್ದಳು, ನೂಲು ನನ್ನ ಮೈಮೇಲೆ ಒರಸಿಕೊಂಡೇ ಹರಿಯುತ್ತಿತ್ತು. ಎಂಟು ದಿನಕ್ಕೊಮ್ಮೆ, ಮನೆಯಲ್ಲಿ ಯಾರೂ ಇಲ್ಲದಾಗ, ಪೆಟ್ಟಿಗೆ ತೆರೆಯುತ್ತಿದ್ದಳು. ಗೊಂಬೆಯನ್ನು ಎತ್ತಿ ಆಡುತ್ತಿರಲಿಲ್ಲ. ಅದರ ಎರಡು ಕೈಗಳನ್ನು ಎದೆಯ ಮೇಲೆ ಸರಿಯಾಗಿ ಇಟ್ಟು ಮತ್ತೆ ಮುಚ್ಚುತ್ತಿದ್ದಳು, ಅಷ್ಟೆ. ಆಮೇಲೆ ಅವಳ ಮುಖ ತೊಳೆದಿಟ್ಟ ಹಾಗೆ ಇರುತ್ತಿತ್ತು.

ಏಳು ವರ್ಷವಾದರೂ ಮಕ್ಕಳಾಗಲಿಲ್ಲ. ಒಂದು ಬೆಳಿಗ್ಗೆ ಗಂಡ ಲೂಸಿಯುಸ್ ಇಬ್ಬರು ನೆಂಟರನ್ನು ಕರೆದುಕೊಂಡು ಬಂದು ಅವಳ ಮುಂದೆ ಅಂಗೈ ಚಾಚಿದ. ಬೈಯಲಿಲ್ಲ, ಕೂಗಲಿಲ್ಲ. ಅವರಲ್ಲಿ ಹೆಂಡತಿಯನ್ನು ಬಿಡುವ ರೀತಿ ಅದು. ಗಂಡ ಬೀಗದ ಕೈಗಳನ್ನು ವಾಪಸು ತೆಗೆದುಕೊಂಡರೆ ಮುಗಿಯಿತು, ಅವಳು ಆ ಮನೆಯವಳಲ್ಲ. ವಿಬಿಯಾ ನಡುವಿನ ಗೊಂಚಲನ್ನು ಬಿಚ್ಚಿ ಅವನ ಕೈಯಲ್ಲಿಟ್ಟಳು. ಅವನ ಕಣ್ಣು ನನ್ನ ಮೇಲೆ ಬಿತ್ತು.

"ಅದೂ."

"ಬೆರಳು ಬಾತಿದೆ. ಎಣ್ಣೆ ಹಚ್ಚಿ ತೆಗೆಯಬೇಕು" ಎಂದಳು.

ಹಿತ್ತಲಿನ ಬಾವಿಯ ಹತ್ತಿರ ಹೋದಳು. ಬೆರಳು ಬಾತಿರಲಿಲ್ಲ. ನನ್ನನ್ನು ಸಲೀಸಾಗಿ ಕಳಚಿ ಒಂದು ಗಳಿಗೆ ಮುಷ್ಟಿಯಲ್ಲಿ ಹಿಡಿದಳು. "ನೀನೂ ಅವನ ಕೈಗೆ ಹೋಗಬೇಡ" ಎಂದಳು. ಆಮೇಲೆ ಮುಷ್ಟಿ ತೆರೆಯಿತು. ನಾನು ಬಿದ್ದೆ, ಬಹಳ ಹೊತ್ತು ಬಿದ್ದೆ, ನೀರು ಬಂತು, ಕೆಸರು ಬಂತು.

ಅವಳು ಎಲ್ಲಿಗೆ ಹೋದಳು? ಪೆಟ್ಟಿಗೆಯನ್ನು ಜೊತೆಗೆ ಒಯ್ದಳೋ, ಅವನು ಒಡೆದು ನೋಡಿದನೋ? ನನ್ನ ಬೀಗ ಏನಾಯಿತು? ಕೆಸರಿನಲ್ಲಿ ಮಲಗಿ ನಾನು ಇದನ್ನೇ ಯೋಚಿಸಿದೆ. ಯೋಚನೆಗೆ ಸಮಯ ಬೇಕಾದಷ್ಟಿತ್ತು. ಬಾವಿ ಬತ್ತಿತು, ಕಲ್ಲುಮಣ್ಣು ತುಂಬಿತು, ಮೇಲೆ ಒಂದು ದ್ರಾಕ್ಷಿ ತೋಟ ಬೆಳೆದು ಸತ್ತಿತು. ನನ್ನ ಹೊಳಪೆಲ್ಲ ಹೋಗಿ ಮೈತುಂಬ ಹಸಿರು ಕಟ್ಟಿತು. ಮೊದಲು ನನಗೆ ಅದು ರೋಗವೆನಿಸಿತು. ಆಮೇಲೆ ಕಂಬಳಿಯೆನಿಸಿತು.

ಹತ್ತೊಂಬತ್ತು ಶತಮಾನ ಕಳೆದ ಮೇಲೆ ಯಾರೋ ಮನೆ ಕಟ್ಟಲು ಅಡಿಪಾಯ ತೋಡಿದರು. ಅಗೆಯುವವನ ಬುಟ್ಟಿಯಿಂದ ನಾನು ರೋಮ್ ನಗರದ ಒಂದು ಭಾನುವಾರದ ಸಂತೆಯ ತಟ್ಟೆಗೆ ಬಂದೆ. ತುಕ್ಕು ಹಿಡಿದ ಮೊಳೆ, ಒಡೆದ ಗುಂಡಿ, ಸವೆದ ನಾಣ್ಯಗಳ ನಡುವೆ ಕೂತಿದ್ದಾಗ ಬಿಳಿ ನಿಲುವಂಗಿಯ, ಕಪ್ಪು ಮೈಬಣ್ಣದ ಒಬ್ಬ ತರುಣ ಬಗ್ಗಿ ನೋಡಿದರು. ಮಂಗಳೂರಿನಿಂದ ಪಾದ್ರಿಯಾಗಲು ಓದಲು ಬಂದಿದ್ದ ಗ್ರೆಗರಿ ಅವರು. "ಇದು ಹೆಂಗಸರು ಬೆರಳಿಗೆ ಹಾಕುತ್ತಿದ್ದ ಬೀಗದ ಕೈ" ಎಂದು ವ್ಯಾಪಾರಿ ಹೇಳಿದಾಗ ಅವರು ನಕ್ಕರು. ಅವರಿಗೆ ಊರಿನ ಅತ್ತಿಗೆಯ ಸೊಂಟದ ಗೊಂಚಲು ನೆನಪಾಯಿತಂತೆ. ಆ ಮಧ್ಯಾಹ್ನ ಊಟ ಬಿಟ್ಟು ನನ್ನನ್ನು ಕೊಂಡರು. ಅವರ ನಿಲುವಂಗಿಯಲ್ಲಿ ಜೇಬಿತ್ತು. ಜೇಬು ಎಂಬುದನ್ನು ನಾನು ನೋಡಿದ್ದು ಅಂದೇ ಮೊದಲು. ಜಪಮಣಿಯ ಜೊತೆ ಅದರಲ್ಲಿ ಕೂತು ಹಡಗು ಹತ್ತಿದೆ.

ಫಾದರ್ ಗ್ರೆಗರಿ ಒಂದು ಇಗರ್ಜಿಯಿಂದ ಇನ್ನೊಂದಕ್ಕೆ ವರ್ಗವಾದಾಗಲೆಲ್ಲ ನಾನೂ ಹೋದೆ. ಅವರ ಪ್ರಾರ್ಥನೆ ಪುಸ್ತಕದ ಹಾಳೆ ಹಾರದಂತೆ ಹಿಡಿಯುವುದು ನನ್ನ ಕೆಲಸ. ಸಾಯುವ ಮೊದಲು ನನ್ನನ್ನು ಅಣ್ಣನ ಮಗ ಅಂಬ್ರೋಸನಿಗೆ ಕೊಟ್ಟರು.

ಈ ಅಂಬ್ರೋಸ್ ಮಾಸ್ಟ್ರ ಮನೆಯೇ ನನ್ನ ಈಗಿನ ಮನೆ. ಮಂಗಳೂರಿನಲ್ಲಿ ಗುಡ್ಡದ ಮೇಲಿನ ಹಂಚಿನ ಮನೆ, ಗಾಳಿ ತಿರುಗಿದರೆ ಬಂದರಿನ ಒಣಮೀನಿನ ವಾಸನೆ ಬರುತ್ತದೆ. ವಿಬಿಯಾಳ ಊರಿನಲ್ಲೂ ಅದೇ ವಾಸನೆಯಿತ್ತು. ಅವರು ಮನೆಯಲ್ಲಿ ಆಡುವುದು ಕೊಂಕಣಿ. ನಾನು ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಮಾಸ್ಟ್ರು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದರು. ಮೃದು ಮನುಷ್ಯ, ಇರುವೆ ಸಾಲು ಕಂಡರೆ ದಾಟಿ ಹೋಗುವವರು. ಅವರಿಗಿದ್ದ ಒಂದೇ ಹುಚ್ಚೆಂದರೆ ಬೀಗ. ಮನೆಯ ಮುಂದಿನ ಚಾವಡಿಯ ಗಾಜಿನ ಕಪಾಟಿನಲ್ಲಿ ನೂರ ನಲವತ್ತಮೂರು ಬೀಗ ಮತ್ತು ಬೀಗದ ಕೈಗಳಿದ್ದವು. ತೆಂಗಿನಕಾಯಿ ಗಾತ್ರದ ಹಂಚಿನ ಕಾರ್ಖಾನೆಯ ಬೀಗ, ಮೀನಿನ ಆಕಾರದ್ದು, ಸ್ಕ್ರೂ ತಿರುಗಿಸಿ ತೆಗೆಯುವಂಥದ್ದು, ಹಡಗಿನ ಪೆಟ್ಟಿಗೆಯದ್ದು. ಪ್ರತಿಯೊಂದರ ಮುಂದೆ ಅವರ ಮುತ್ತಿನಂಥ ಅಕ್ಷರದ ಚೀಟಿ. ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ, ನೀಲಿ ಮಖಮಲ್ಲಿನ ಮೇಲೆ, ನಾನು ಒಬ್ಬನೇ.

ಅವರ ತಾಯಿ ಸೆರಾಫಿನಾ ಬಾಯಿ. ಎಂಬತ್ತನಾಲ್ಕು ವರ್ಷ. ಮಗನಿಗೂ ಸೊಸೆಗೂ ಅವರು 'ಮಾಂಯ್', ಅಂದರೆ ಅಮ್ಮ. ಅಕ್ಕಿ ಕೋಣೆ, ಉಪ್ಪಿನಕಾಯಿ ಭರಣಿಯ ಕಪಾಟು, ಬಂಗಾರದ ಪೆಟ್ಟಿಗೆ, ಎಲ್ಲದರ ಬೀಗದ ಕೈ ಅವರ ಸೊಂಟದಲ್ಲಿ. ಫಾದರ್ ಗ್ರೆಗರಿಗೆ ರೋಮಿನ ಸಂತೆಯಲ್ಲಿ ನೆನಪಾದದ್ದು ಇದೇ ಗೊಂಚಲು. ನಡೆದರೆ ಝಣ ಝಣ. ಬೆಕ್ಕು ಕೂಡ ಆ ಸದ್ದು ಕೇಳಿ ಅಡುಗೆಮನೆಯಿಂದ ಇಳಿದು ಹೋಗುತ್ತಿತ್ತು.

"ಕಳ್ಳ ಬಂದ್ರೆ ಈ ಕಪಾಟಿನ ಹತ್ರ ಬರ್ಲಿಕ್ಕಿಲ್ಲ" ಎಂದು ಅವರು ಮಗನನ್ನು ಕೆಣಕುತ್ತಿದ್ದರು. "ಬೀಗ ಕದ್ದು ಅವನು ಎಂತ ಮಾಡ್ತಾನೆ? ಬೀಗ ಹಾಕ್ಲಿಕ್ಕೆ ಅವನ ಮನೆಯಲ್ಲಿ ಎಂತಾದ್ರೂ ಬೇಕಲ್ಲ!"

ಸೊಸೆ ಜುಲಿಯಾನಾ. ಐವತ್ತೈದರ ಆಸುಪಾಸು. ಮಗಳನ್ನು ಬಜ್ಪೆಗೆ ಮದುವೆ ಮಾಡಿ ಕೊಟ್ಟಾಗಿತ್ತು. ಅವಳು ಆ ಮನೆಗೆ ಬಂದು ಮೂವತ್ತೊಂದು ವರ್ಷ. ಆ ಮೂವತ್ತೊಂದು ವರ್ಷದಲ್ಲಿ ಅಕ್ಕಿ ಬೇಕಾದಾಗಲೆಲ್ಲ ಅವಳು "ಮಾಂಯ್, ಬಾಗಿಲು" ಎನ್ನಬೇಕಿತ್ತು. ಅದರಲ್ಲಿ ಜಗಳವೇನಿರಲಿಲ್ಲ. ಅತ್ತೆ ಎದ್ದು ಬಂದು ತೆರೆಯುತ್ತಿದ್ದರು, ಇಬ್ಬರೂ ಅಕ್ಕಿಯ ರಾಶಿಯ ಪಕ್ಕ ನಿಂತು ನಾಲ್ಕು ಮಾತಾಡುತ್ತಿದ್ದರು. ಆದರೂ ಅವಳ ಕೈಯಲ್ಲಿ ಇದ್ದದ್ದು ಒಂದೇ ಒಂದು ಬೀಗದ ಕೈ, ನನ್ನ ಗಾಜಿನ ಕಪಾಟಿನದ್ದು. ಕಪಾಟು ಮಾಡಿಸಿದ ದಿನ ಮಾಸ್ಟ್ರು ಅದನ್ನು ಅವಳಿಗೆ ಕೊಟ್ಟು, "ಇದು ನಿನ್ನ ಹತ್ರ ಇರ್ಲಿ ಜುಲ್ಲಿ, ನಾನು ಎಲ್ಲಾದ್ರೂ ಕಳ್ಕೊಳ್ತೇನೆ" ಎಂದಿದ್ದರು. ಅವಳು ಅದನ್ನು ರವಿಕೆಯ ಪಿನ್ನಿಗೆ ಸಿಕ್ಕಿಸಿಕೊಂಡಿದ್ದಳು. ಪ್ರತಿ ಶನಿವಾರ ಬಂದು ಒಣ ಬಟ್ಟೆಯಿಂದ ನಮ್ಮೆಲ್ಲರ ಧೂಳು ತೆಗೆಯುತ್ತಿದ್ದಳು. ನನ್ನನ್ನು ಎತ್ತುವಾಗ ಎರಡು ಬೆರಳಲ್ಲಿ, ಹಕ್ಕಿಮರಿಯನ್ನು ಎತ್ತುವಂತೆ.

ಮನೆಗೆ ಬಂದವರಿಗೆಲ್ಲ ಮಾಸ್ಟ್ರು ನನ್ನ ಕತೆ ಹೇಳುತ್ತಿದ್ದರು. "ರೋಮನ್ನರ ಕಾನೂನು ಗೊತ್ತುಂಟಾ? ಹೆಂಡತಿಯನ್ನು ಬಿಡ್ಬೇಕಾದ್ರೆ ಕೋರ್ಟಿಲ್ಲ, ಕಚೇರಿಯಿಲ್ಲ. ಗಂಡ ಅವಳ ಕೈಯಿಂದ ಕೀ ತೆಗೊಂಡ್ರೆ ಆಯ್ತು, ಮದುವೆ ಮುಗೀತು!" ಬಂದ ಗಂಡಸರು ತೊಡೆ ತಟ್ಟಿ ನಗುತ್ತಿದ್ದರು. "ಎಷ್ಟು ಸುಲಭ ಮಾರಾಯ್ರೆ!" ಜುಲಿಯಾನಾ ಕಾಫಿಯ ತಟ್ಟೆ ಹಿಡಿದು ನಿಂತು ನಗುತ್ತಿದ್ದಳು. ಅವಳ ನಗು ಯಾವಾಗಲೂ ಒಂದು ಕ್ಷಣ ತಡವಾಗಿ ಬರುತ್ತಿತ್ತು. ಅದನ್ನು ಕಂಡದ್ದು ಗಾಜಿನೊಳಗಿದ್ದ ನಾನೊಬ್ಬನೇ ಇರಬೇಕು.

ನಿವೃತ್ತಿಯಾದ ಮೇಲೆ ಮಾಸ್ಟ್ರಿಗೆ ಒಂದು ಆಸೆ ಹುಟ್ಟಿತು. ನಾನು ದೊಡ್ಡ ವಸ್ತುಸಂಗ್ರಹಾಲಯಕ್ಕೆ ಸೇರಬೇಕು, ನನ್ನ ಪಕ್ಕ ಚಿಕ್ಕಪ್ಪ ಗ್ರೆಗರಿಯ ಹೆಸರು ಇರಬೇಕು. ಎರಡು ವರ್ಷ ಕಾಗದ ಬರೆದರು. ಕೊನೆಗೆ ವೈಜಯಂತಿ ಎಂಬ ತಜ್ಞೆ ಬಂದು ನೋಡುವುದಾಗಿ ಉತ್ತರ ಬಂತು. ಸೆಪ್ಟೆಂಬರಿನ ತೆನೆ ಹಬ್ಬದ ಮರುದಿನ. ಮಾಸ್ಟ್ರು ಆ ಕಾಗದವನ್ನು ಎಷ್ಟು ಸಲ ಓದಿದರೆಂದರೆ ಮಡಿಕೆಯಲ್ಲಿ ಅದು ಹರಿದೇಹೋಯಿತು.

ಹಬ್ಬಕ್ಕೆ ಮೂರು ದಿನ ಮೊದಲು ಜುಲಿಯಾನಾ ಹಿತ್ತಾಳೆ ತೊಳೆಯಲು ಕೂತಳು. ಹಿತ್ತಲಿನ ಮರದಿಂದ ಬುಟ್ಟಿ ತುಂಬ ಹುಳಿ ಹುಳಿ ಬಿಂಬುಳಿಕಾಯಿ ಕಿತ್ತು, ಉಪ್ಪು ಹಾಕಿ ಜಜ್ಜಿ, ಮನೆಯ ದೇವರಗೂಡಾದ ಅಲ್ತಾರಿನ ಮೇಣದಬತ್ತಿ ಕಂಬ, ಶಿಲುಬೆಯ ಪೀಠ, ಚೆಂಬು, ತಟ್ಟೆ ಎಲ್ಲ ಉಜ್ಜಿದಳು. ಆ ಹುಳಿ ತಾಗಿದರೆ ಹಿತ್ತಾಳೆ ಸೂರ್ಯನನ್ನು ನುಂಗಿದ ಹಾಗೆ ಆಗುತ್ತದೆ. ಮಾಸ್ಟ್ರು ಪೇಟೆಗೆ ಹೋಗಿದ್ದರು. ಅವಳು ಸೆರಗಿನಲ್ಲಿ ಕೈ ಒರಸಿಕೊಂಡು ಚಾವಡಿಗೆ ಬಂದು ಕಪಾಟು ತೆರೆದಳು.

"ಇವರು ಎರಡು ವರ್ಷದಿಂದ ಕಾಯ್ತಾ ಇದ್ದಾರೆ. ಅಷ್ಟು ದೂರದಿಂದ ಆ ಮೇಡಂ ಬರುವಾಗ ನೀನು ಹೀಗೆ ಚರಂಡಿಯಿಂದ ತೆಗೆದ ಹಾಗೆ ಕೂತ್ರೆ ಚಂದವಾ?" ಎಂದು ನನಗೇ ಹೇಳಿದಳು.

ನನ್ನ ಮೈಯ ಹಸಿರು ಸಂಗ್ರಹಕಾರರಿಗೆ ಚರಿತ್ರೆ. ನಾನು ಎಷ್ಟು ಹಳಬ ಎನ್ನುವುದಕ್ಕೆ ಇರುವ ಸಾಕ್ಷಿ ಅದೊಂದೇ, ಅದನ್ನು ಯಾರೂ ತೊಳೆಯುವುದಿಲ್ಲ. ಆದರೆ ಜುಲಿಯಾನಾಳಂಥ ಗೃಹಿಣಿಗೆ ಅದು ಕಿಲುಬು. ಹಬ್ಬದ ಮನೆಯಲ್ಲಿ ಕಿಲುಬು ಇರಬಾರದು. ಮಾಸ್ಟ್ರು "ಒಣ ಬಟ್ಟೆಯಲ್ಲೇ ಒರಸು" ಎಂದಿದ್ದರೇ ಹೊರತು ಯಾಕೆಂದು ಹೇಳಿರಲಿಲ್ಲ. ತನಗೆ ಕೆಲಸ ಹೆಚ್ಚಾಗದಿರಲಿ ಎಂದು ಹೇಳಿದ್ದಾರೆಂದೇ ಅವಳು ತಿಳಿದಿದ್ದಳು.

ಬಿಂಬುಳಿಯ ಹುಳಿ ನನ್ನ ಮೈಗೆ ತಾಗಿತು. ನಿಜ ಹೇಳುತ್ತೇನೆ, ನಾನು ಬೇಡವೆನ್ನಲಿಲ್ಲ. ಬಾಯಿಯಿದ್ದರೂ ಅನ್ನುತ್ತಿರಲಿಲ್ಲವೇನೋ. ಹತ್ತೊಂಬತ್ತು ಶತಮಾನದ ಕಂಬಳಿ ಕಳಚಿತು. ಅವಳ ಹೆಬ್ಬೆರಳು ನನ್ನ ಒಳಸುತ್ತನ್ನು ಉಜ್ಜಿತು, ತೆಂಗಿನ ನಾರು ನನ್ನ ಮೂರು ಹಲ್ಲುಗಳ ಸಂದಿಗೆ ಹೋಯಿತು. ಮಗುವನ್ನು ಮೀಯಿಸುವ ಕೈ ಅದು. ತೊಳೆದು, ಒರಸಿ, ಬಿಸಿಲಿಗೆ ಹಿಡಿದು ನೋಡಿ, "ಅಬ್ಬ, ಬಂಗಾರ!" ಎಂದಳು. ಅತ್ತಿತ್ತ ನೋಡಿ ನನ್ನನ್ನು ಕಿರುಬೆರಳಿಗೆ ತೊಟ್ಟಳು. ವಿಬಿಯಾ ಕಳಚಿದ ಮೇಲೆ ನಾನು ಒಂದು ಬೆರಳನ್ನು ಸುತ್ತಿದ್ದು ಅಂದೇ.

ಮಾಸ್ಟ್ರು ಬಂದಾಗ ಅವಳು ನನ್ನನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ಮುಂದೆ ಹಿಡಿದಳು. ಮುಖದ ತುಂಬ ನಗು.

ಅವರು ನೋಡಿದರು. ಕುರ್ಚಿಯ ಕೈ ಹಿಡಿದು ಕೂತರು.

"ಏನಾಯ್ತು ಇವರೇ?"

ಅವರು ಅಂಗೈ ಚಾಚಿದರು.

"ಕೀ."

ಆ ಅಂಗೈ ನನಗೆ ಗೊತ್ತಿತ್ತು. ಬೈಯುವುದಿಲ್ಲ, ಕೂಗುವುದಿಲ್ಲ, ಸುಮ್ಮನೆ ಚಾಚುತ್ತದೆ. ಜುಲಿಯಾನಾ ರವಿಕೆಯ ಪಿನ್ನು ಬಿಚ್ಚುವಾಗ ಬೆರಳಿಗೆ ಚುಚ್ಚಿಕೊಂಡಳು. ಕಪಾಟಿನ ಬೀಗದ ಕೈ ಅವರ ಅಂಗಿಯ ಜೇಬಿಗೆ ಹೋಯಿತು. ನಾನು ನೀಲಿ ಮಖಮಲ್ಲಿನ ಮೇಲೆ ಹೋದೆ. ಮಾಸ್ಟ್ರು ಕೋಣೆಗೆ ಹೋದರು.

ಆಮೇಲೆ ಮೂರು ದಿನ ಅವಳು ಕಪಾಟಿನ ಹತ್ತಿರ ಬರಲಿಲ್ಲ. ಚಾವಡಿಗೆ ಬಂದರೂ ಗೋಡೆಯಂಚಿನಲ್ಲೇ ನಡೆದು ಹೋದಳು. ಮಾಸ್ಟ್ರು ಊಟಕ್ಕೆ ಬಂದು, ಉಂಡು, ಎದ್ದು ಹೋಗುತ್ತಿದ್ದರು. ಅವರಿಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖ. ಆದರೆ ಎದುರಿಗಿದ್ದವರಿಗೆ ದುಃಖವೂ ಸಿಟ್ಟಿನ ಹಾಗೆಯೇ ಕಾಣುತ್ತದೆ. ಎರಡನೆಯ ದಿನ ಅತ್ತೆ ಮತ್ತು ಸೊಸೆ ಚಾವಡಿಯ ಬಾಗಿಲಲ್ಲಿ ಕೂತು ಬೀನ್ಸ್ ಹೆಚ್ಚುತ್ತಿದ್ದರು.

"ಜುಲ್ಲಿ, ನಿನ್ನ ಪಿನ್ನು ಖಾಲಿ ಉಂಟಲ್ಲ?"

"ಅವರಿಗೆ ಬೇಕಿತ್ತು, ಮಾಂಯ್."

"ಅವನಿಗೆ ಯಾಕೆ? ಅವನು ತನ್ನ ಕನ್ನಡಕವನ್ನೇ ದಿನಕ್ಕೆ ನಾಲ್ಕು ಸಲ ಹುಡುಕ್ತಾನೆ."

ಜುಲಿಯಾನಾ ಇನ್ನೊಂದು ಹಿಡಿ ಬೀನ್ಸ್ ಎಳೆದುಕೊಂಡಳು. ಹೆಚ್ಚುತ್ತಲೇ ಹೇಳಿದಳು: "ಹಬ್ಬ ಮುಗಿದ ಮೇಲೆ ಅಕ್ಕನ ಮನೆಗೆ ಹೋಗಿ ಬರ್ತೇನೆ."

"ಎಷ್ಟು ದಿನ?"

"ನೋಡುವ."

ಸೆರಾಫಿನಾ ಬಾಯಿಯ ಚೂರಿ ನಿಂತಿತು. ನಮ್ಮೂರಿನವರು 'ನೋಡುವ' ಎಂದರೆ ಮರಳುವ ದಿನಕ್ಕೆ ಲೆಕ್ಕವಿರುವುದಿಲ್ಲ ಎಂದು ಆ ಮುದುಕಿಗೆ ಚೆನ್ನಾಗಿ ಗೊತ್ತು. ಅವರ ಕಣ್ಣು ಸೊಸೆಯ ಖಾಲಿ ಪಿನ್ನಿನಿಂದ ನನ್ನ ಹೊಳೆಯುವ ಮೈಗೆ ಬಂತು. ಮರುದಿನ ಸಂಜೆ ಹೊತ್ತಿಗೆ ಬೆಂಚಿನ ಮೇಲೆ ಜುಲಿಯಾನಾಳ ಕಂದು ಬಣ್ಣದ ಚೀಲ ಬಂದು ಕೂತಿತು. ಅದನ್ನು ಮಾಸ್ಟ್ರೂ ನೋಡಿದರು, ನೋಡದವರಂತೆ ಹೋದರು.

ತೆನೆ ಹಬ್ಬದ ದಿನ ಇಗರ್ಜಿಯಿಂದ ಹೊಸ ಭತ್ತದ ತೆನೆ ತಂದು ಅಲ್ತಾರಿಗೆ ಕಟ್ಟಿದರು. ಚಾವಡಿಯಲ್ಲಿ ಮೂರು ಬಾಳೆಲೆ. ಆ ಹಬ್ಬಕ್ಕೆ ಮೀನು ಮಾಂಸವಿಲ್ಲ, ಬರೇ ತರಕಾರಿ. ಹೊಸ ಅಕ್ಕಿಯ ಕಾಳು ಹಾಕಿದ ಪಾಯಸವನ್ನು ಮನೆಯ ಹಿರಿಯರು ಮೊದಲು ಹಂಚಬೇಕು, ಅಲ್ಲಿಯವರೆಗೆ ಯಾರೂ ಉಣ್ಣುವಂತಿಲ್ಲ. ಸೆರಾಫಿನಾ ಬಾಯಿ ಸೌಟು ಹಿಡಿದು ಕೂತರು. ಬಡಿಸಲಿಲ್ಲ.

"ಅಂಬ್ರೋಸ್, ಆ ರೋಮಿನ ಕತೆ ಹೇಳು."

"ಈಗಲಾ, ಮಾಂಯ್? ಪಾಯಸ ತಣೀತದೆ."

"ತಣೀಲಿ. ಬಂದವರಿಗೆಲ್ಲ ಹೇಳ್ತಿ. ತಾಯಿಗೆ ಹೇಳ್ಲಿಕ್ಕೆ ಆಗ್ಲಿಕ್ಕಿಲ್ವಾ?"

ಮಾಸ್ಟ್ರು ನಿಟ್ಟುಸಿರು ಬಿಟ್ಟು ಶುರುಮಾಡಿದರು. ನೂರು ಸಲ ಹೇಳಿದ್ದು, ನಾಲಗೆ ತಾನೇ ಓಡುತ್ತಿತ್ತು. "ರೋಮನ್ನರಲ್ಲಿ ಹೆಂಡತಿಯನ್ನು ಬಿಡ್ಬೇಕಾದ್ರೆ ಕೋರ್ಟಿಲ್ಲ, ಕಚೇರಿಯಿಲ್ಲ. ಗಂಡ ಅವಳ ಕೈಯಿಂದ ಕೀ ತೆಗೊಂಡ್ರೆ..."

ಅಲ್ಲಿಗೆ ನಿಂತರು. ಅಂಗಿಯ ಜೇಬಿನ ಮೇಲೆ ಅವರ ಕೈ ತಾನಾಗಿ ಹೋಯಿತು. ಬೆಂಚಿನ ಮೇಲಿನ ಕಂದು ಚೀಲವನ್ನು ಅವರು ಈಗ ನಿಜವಾಗಿ ನೋಡಿದರು.

"ಮುಂದೆ ಹೇಳು" ಎಂದರು ತಾಯಿ. "ತೆಗೊಂಡ್ರೆ ಎಂತ ಆಗ್ತದೆ?"

"ಜುಲ್ಲಿ," ಎಂದರು ಮಾಸ್ಟ್ರು. "ನನಗೆ ಅದು ಹೊಳೀಲೇ ಇಲ್ಲ. ದೇವರಾಣೆಗೂ ಇಲ್ಲ."

"ನನಗೆ ಹೊಳೆಯಿತು" ಎಂದಳು ಜುಲಿಯಾನಾ, ಎಲೆಯನ್ನು ನೋಡುತ್ತ. "ಮೂವತ್ತು ವರ್ಷ ಅದೇ ಕತೆ ಕೇಳಿದ್ದೇನಲ್ಲ."

ಸೆರಾಫಿನಾ ಬಾಯಿ ಸೌಟು ಕೆಳಗಿಟ್ಟು ಸೊಂಟಕ್ಕೆ ಕೈ ಹಾಕಿದರು. ಅರವತ್ತು ವರ್ಷದ ಗಂಟು, ಸುಲಭಕ್ಕೆ ಬಿಚ್ಚಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ಏನೋ ಗೊಣಗಿ, ಎಳೆದು, ಕೊನೆಗೆ ಇಡೀ ಗೊಂಚಲನ್ನು ಸೊಸೆಯ ಮಡಿಲಿಗೆ ಹಾಕಿದರು. ಝಣ್ ಎಂದಿತು.

"ಹಿಡಿ. ತಪ್ಪು ನನ್ನದೂ ಉಂಟು. ನಿನ್ನ ಕೈಯಲ್ಲಿ ಒಂದಕ್ಕಿಂತ ಹೆಚ್ಚು ಕೀ ಇದ್ದಿದ್ರೆ, ಒಂದು ಹೋದದ್ದು ನಿನಗೆ ಇಷ್ಟು ದೊಡ್ಡದಾಗಿ ಕಾಣ್ತಿರ್ಲಿಲ್ಲ. ಅಳ್ಬೇಡ, ಪಾಯಸಕ್ಕೆ ಉಪ್ಪಾಗ್ತದೆ. ನನ್ನ ಸೊಂಟವೂ ಆ ಭಾರಕ್ಕೆ ನೋಯ್ತಾ ಉಂಟು."

"ಮಾಂಯ್, ಇದಿಲ್ಲದೆ ನೀವು ನಡೆದ್ರೆ ಗೊತ್ತೇ ಆಗ್ಲಿಕ್ಕಿಲ್ಲ" ಎಂದಳು ಜುಲಿಯಾನಾ, ಅಳುತ್ತ ನಗುತ್ತ.

"ಅದೇ ಬೇಕು. ಇನ್ನು ಬೆಕ್ಕನ್ನು ಕೈಯಾರೆ ಹಿಡೀತೇನೆ."

ಮಾಸ್ಟ್ರು ಎದ್ದು ಬಂದು ಕಪಾಟಿನ ಬೀಗದ ಕೈಯನ್ನು ಹೆಂಡತಿಯ ಎಲೆಯ ಪಕ್ಕ ಇಟ್ಟರು. ಅವಳು ಅದನ್ನು ಮೆಲ್ಲಗೆ ಅವರ ಕಡೆಗೇ ಸರಿಸಿದಳು.

"ನಿಮ್ಮ ಕಪಾಟು. ಇನ್ನು ನೀವೇ ಒರಸಿ."

"ಸಿಟ್ಟು ಹೋಗ್ಲಿಲ್ವಾ?"

"ಸಿಟ್ಟಲ್ಲ. ಅದರಲ್ಲಿ ಇರುವುದೆಲ್ಲ ನಿಮ್ಮದು. ಈ ಗೊಂಚಲಿನದ್ದು ಮನೆಯದ್ದು. ನಾನು ಬೀಗ ಹಾಕುವಂಥದ್ದು, ನನ್ನದು ಅಂತ ಹೇಳುವಂಥದ್ದು, ಈ ಮನೆಯಲ್ಲಿ ಒಂದು ಪೆಟ್ಟಿಗೆಯೂ ಇಲ್ಲ. ಅದು ನನಗೇ ಈ ಮೂರು ದಿನದಲ್ಲಿ ಗೊತ್ತಾದದ್ದು."

ಅತ್ತೆ ಪಾಯಸ ಬಡಿಸಿದರು. ಮೊದಲ ಸೌಟು ಸೊಸೆಗೆ.

ಮರುದಿನ ವೈಜಯಂತಿ ಮೇಡಂ ಬಂದರು. ಕಂದು ಚೀಲ ಬೆಂಚಿನಿಂದ ಒಳಗೆ ಹೋಗಿತ್ತು. ಮೇಡಂ ನನ್ನನ್ನು ಅಂಗೈಯಲ್ಲಿಟ್ಟು ನೋಡಿ ಒಂದು ಕ್ಷಣ ಕಣ್ಣು ಮುಚ್ಚಿದರು. ಮಾಸ್ಟ್ರು ಮುಂದೆ ಬಂದು, "ತೊಳೆದದ್ದು ನಾವೇ. ಯಾಕೆ ತೊಳೀಬಾರ್ದು ಅಂತ ನಾನು ಮನೆಯವಳಿಗೆ ಹೇಳಿಯೇ ಇರ್ಲಿಲ್ಲ" ಎಂದರು.

"ಇದು ಹಳೆಯದೇ ಅಂತ ನಾನು ನಂಬ್ತೇನೆ ಸರ್. ಆದರೆ ಸಿಕ್ಕಿದ ಜಾಗದ ದಾಖಲೆ ಇಲ್ಲ, ಮೇಲಿನ ಹಸಿರೂ ಇಲ್ಲ. ನಮ್ಮ ಸಮಿತಿ ಒಪ್ಪುವುದಿಲ್ಲ" ಎಂದರು ಮೇಡಂ. ಆಮೇಲೆ ಭೂತಗನ್ನಡಿ ತೆಗೆದು ನನ್ನ ಸುತ್ತನ್ನು ಬಹಳ ಹೊತ್ತು ನೋಡಿದರು. "ಇಲ್ಲಿ ಬನ್ನಿ ಅಮ್ಮ," ಎಂದು ಜುಲಿಯಾನಾಳನ್ನು ಕರೆದರು. "ಅಂಚಿನಲ್ಲಿ ಕೂದಲಿನಂಥ ಗೆರೆ ಕಾಣ್ತಿದೆಯಾ? ಒಂದರ ಪಕ್ಕ ಒಂದು? ನೂಲು ಹರಿದು ಹರಿದು ಸವೆದದ್ದು ಇರಬೇಕು. ಇದನ್ನು ಹಾಕಿಕೊಂಡವಳು ನೂಲುತ್ತಿದ್ದಳೋ ಏನೋ. ಹಸಿರು ಇದ್ದಿದ್ದರೆ ಇದು ಕಾಣುತ್ತಲೇ ಇರಲಿಲ್ಲ."

ಇಷ್ಟು ಜನ ನನ್ನನ್ನು ನೋಡಿದ್ದರು, ವಿಬಿಯಾಳನ್ನು ನೋಡಿದವರು ಇವರಿಬ್ಬರೇ.

ಜುಲಿಯಾನಾ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದುಕೊಂಡೇ ಇದ್ದಳು. "ಪಾಪ, ಎಷ್ಟು ನೂಲಿದ್ದಾಳೆ" ಎಂದಳು ಮೆಲ್ಲಗೆ.

ಎರಡು ತಿಂಗಳಾದ ಮೇಲೆ ಮಾಸ್ಟ್ರು ನನ್ನನ್ನು ಕಾಗದದಲ್ಲಿ ಸುತ್ತಿ ಬಂದರಿನ ಗಲ್ಲಿಯಲ್ಲಿ ಬೀಗ ರಿಪೇರಿ ಮಾಡುವ ಹಸನಬ್ಬರ ಅಂಗಡಿಗೆ ಒಯ್ದರು. ಹಸನಬ್ಬ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕರು. "ನಲವತ್ತು ವರ್ಷದಿಂದ ಕೂತಿದ್ದೇನೆ ಮಾಸ್ಟ್ರೇ. ಬೀಗಕ್ಕೆ ಕೀ ಮಾಡಿ ಕೊಡಿ ಅಂತ ಊರೆಲ್ಲ ಬರ್ತದೆ. ಕೀಗೆ ಬೀಗ ಮಾಡಿ ಕೊಡಿ ಅಂತ ಬಂದವರು ನೀವೊಬ್ಬರೇ. ಇದು ಹೆಣ್ಣಿನ ಕಡೆಯವರು ದಿಬ್ಬಣ ಹೊರಟ ಹಾಗೆ ಆಯ್ತಲ್ಲ!"

ಅವರು ನನ್ನ ಹಲ್ಲುಗಳಿಗೆ ತಕ್ಕಂತೆ ಹಿತ್ತಾಳೆಯ ಬೀಗ ಮಾಡಿದರು. ಮೂರು ಸಲ ತಪ್ಪಿತು, ನಾಲ್ಕನೆಯ ಸಲ ನಾನು ಒಳಗೆ ಹೋಗಿ ತಿರುಗಿದೆ. 'ಟಿಕ್'. ಮೊದಲಿನ ಬೀಗದ ಸದ್ದಲ್ಲ, ಇದರ ಧ್ವನಿ ಸ್ವಲ್ಪ ದಪ್ಪ. ಈ ವಯಸ್ಸಿನಲ್ಲಿ ಎರಡನೆಯ ಮದುವೆ, ಅಷ್ಟು ಹೊಂದಾಣಿಕೆ ಇದ್ದರೆ ಸಾಕು.

ಆ ಬೀಗ ಕೂರಿಸಿದ ಹಲಸಿನ ಮರದ ಚಿಕ್ಕ ಪೆಟ್ಟಿಗೆಯನ್ನು ಮಾಸ್ಟ್ರು ಹೆಂಡತಿಯ ಮುಂದೆ ಇಟ್ಟರು. "ಇದರಲ್ಲಿ ಎಂತ ಇಡ್ತಿ..." ಎಂದು ಶುರುಮಾಡಿ, ಆ ಮಾತನ್ನು ಅಲ್ಲೇ ನುಂಗಿಕೊಂಡು, ಕನ್ನಡಕ ಹುಡುಕುವ ನೆವದಲ್ಲಿ ಎದ್ದು ಹೋದರು. ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು.

ನೀಲಿ ಮಖಮಲ್ಲಿನ ಮೇಲೆ ಈಗ ಹಂಚಿನ ಕಾರ್ಖಾನೆಯ ಬೀಗ ಕೂತಿದೆ. ನಾನು ಜುಲಿಯಾನಾಳ ಕಿರುಬೆರಳಿನಲ್ಲಿದ್ದೇನೆ. ಅಕ್ಕಿ ತೊಳೆಯುತ್ತೇನೆ, ತೆಂಗಿನಕಾಯಿ ತುರಿಯುತ್ತೇನೆ, ಸೆರಾಫಿನಾ ಬಾಯಿಯ ಕಾಲಿಗೆ ಎಣ್ಣೆ ಹಚ್ಚುತ್ತೇನೆ. ಉಪ್ಪುಗಾಳಿಗೆ ನನ್ನ ಹಲ್ಲುಗಳ ಸಂದಿಯಲ್ಲಿ ಮತ್ತೆ ಎಳೆ ಹಸಿರು ಕಾಣಿಸಿಕೊಳ್ಳುತ್ತಿದೆ. ಮೊನ್ನೆ ಅವಳು ಅದನ್ನು ಕಂಡಳು. ಬಿಂಬುಳಿ ಬುಟ್ಟಿ ಪಕ್ಕದಲ್ಲೇ ಇತ್ತು. "ಇರ್ಲಿ ಬಿಡು" ಎಂದಳು.

ಬೀಗದ ಕೈಯಾಗಿ ಇಷ್ಟು ಕಾಲ ಬದುಕಿ ನಾನು ಕಲಿತದ್ದು ಸ್ವಲ್ಪವೇ. ಮನೆಯ ಬಾಗಿಲುಗಳೆಲ್ಲ ತೆರೆದುಕೊಂಡರೂ ಒಬ್ಬ ಹೆಂಗಸಿಗೆ ಮುಚ್ಚಿಡಲು ಒಂದಿಷ್ಟು ಜಾಗ ಬೇಕು. ಅದು ಮೊಣಕೈಯುದ್ದ ಇದ್ದರೆ ಸಾಕು. ವಾರಕ್ಕೊಮ್ಮೆ, ಅತ್ತೆ ನಿದ್ದೆ ಹೋದ ಮಧ್ಯಾಹ್ನ, ಜುಲಿಯಾನಾ ನನ್ನನ್ನು ತಿರುಗಿಸುತ್ತಾಳೆ. ನೋಡುತ್ತಾಳೆ, ಮುಚ್ಚುತ್ತಾಳೆ. ಆಮೇಲೆ ಅವಳ ಮುಖವೂ ತೊಳೆದಿಟ್ಟ ಹಾಗೆ ಇರುತ್ತದೆ.

ವಿಬಿಯಾಳ ಗುಟ್ಟನ್ನು ನಾನು ನಿಮಗೆ ಹೇಳಿಬಿಟ್ಟೆ. ಅದನ್ನು ಕೇಳಿ ನೋಯುವವರು ಯಾರೂ ಈಗ ಉಳಿದಿಲ್ಲ. ಜುಲಿಯಾನಾಳ ಪೆಟ್ಟಿಗೆಯಲ್ಲಿ ಏನಿದೆ ಎಂದು ಮಾತ್ರ ಕೇಳಬೇಡಿ. ಎರಡು ಸಾವಿರ ವರ್ಷ ಕಳೆಯಲಿ, ಹೇಳುತ್ತೇನೆ.